ಪ್ಲೇಟಿಗೆ ಸಿಕ್ಕ ರಾತ್ರಿ

ಪುಣೆಯ ಜೂನಾ ಬಜಾರಿನಲ್ಲಿ ಬುಧವಾರ, ಭಾನುವಾರ ತುಕ್ಕು ಹಿಡಿದ ಬೀಗ, ನಲ್ಲಿ, ಗಡಿಯಾರಗಳ ನಡುವೆ ಹಳೇ ಗ್ರಾಮಫೋನ್ ಪ್ಲೇಟುಗಳೂ ಸಿಗುತ್ತವೆ. ಮೊನ್ನೆ ಹಿಂದೂಸ್ತಾನಿ ಗಾಯಕ ಅಬ್ದುಲ್ ಕರೀಂ ಖಾನರದೊಂದು ಸಿಕ್ಕಿತು. ಅಂಚು ಚೂರು ಮುಕ್ಕಾಗಿದೆ. ಕರವಸ್ತ್ರದಿಂದ ಒರೆಸಿ ಬಿಸಿಲಿಗೆ ಹಿಡಿದೆ, ಗೀರುಗಳ ಮಧ್ಯೆ ಕಪ್ಪು ಸಾಲುಗಳು ಮಿಂಚಿದವು. ಇವರದೇ ಜಿಂಜೋಟಿ ಠುಮ್ರಿಯ ಪ್ಲೇಟು ಕೇಳಿ ತಾನೆ ಗದಗಿನ ಹುಡುಗ ಭೀಮಸೇನ ಜೋಶಿ ಹನ್ನೊಂದನೇ ವಯಸ್ಸಿಗೆ ಗುರುವನ್ನು ಹುಡುಕಿ ಮನೆ ಬಿಟ್ಟದ್ದು! ಮಗ್ಗುಲಿಗೆ ಬರೀ ಮೂರು ಚಿಲ್ಲರೆ ನಿಮಿಷ.

ಆದರೆ ಆ ಪ್ಲೇಟಿನಲ್ಲಿ ಕಚೇರಿ ಇಲ್ಲ. ಮುಚ್ಚಿದ ಕೋಣೆಯಲ್ಲಿ ಗಡಿಯಾರ ನೋಡಿಕೊಂಡು ಹಾಡಿದ್ದು. ‘ವಾಹ್’ ಅನ್ನಲು ಎದುರಿಗೆ ಯಾರೂ ಇಲ್ಲ. ಅದಕ್ಕೇ ನನಗೆ, ಟೇಪು ಬರುವ ಮುಂಚೆಯೇ ಕಚೇರಿಯನ್ನು ಪ್ಲೇಟಿಗೆ ಇಳಿಸಿದ ಜಾಜ್ ಪ್ರೇಮಿಗಳ ಕತೆ ಬಲು ಇಷ್ಟ. 1938ರ ಜನವರಿ 16ರಂದು ನ್ಯೂಯಾರ್ಕಿನ ಕಾರ್ನೆಗಿ ಹಾಲಿನಲ್ಲಿ ಬೆನ್ನಿ ಗುಡ್‌ಮನ್ ನುಡಿಸಿದ್ದು ತಂತಿಯ ಮೇಲೆ ಸ್ಟುಡಿಯೋ ಸೇರಿ ಪ್ಲೇಟಾಯಿತು. ಆ ಪ್ಲೇಟುಗಳು ಎಲ್‌ಪಿಯಾಗಿ ಹೊರಬರಲು 1950 ಆಗಬೇಕಾಯಿತು.

ಇನ್ನೂ ಸೊಗಸಾದದ್ದು ಅಮೆರಿಕದ ಫಾರ್ಗೋ ಊರಿನದು. 1940ರ ನವೆಂಬರ್ 7ರ ರಾತ್ರಿ ಡ್ಯೂಕ್ ಎಲಿಂಗ್ಟನ್ ಬಳಗ ಅಲ್ಲಿ ಕುಣಿತದ ಹಾಲಿನಲ್ಲಿ ನುಡಿಸುತ್ತಿತ್ತು. ಜ್ಯಾಕ್ ಟವರ್ಸ್, ಡಿಕ್ ಬರಿಸ್ ಎಂಬ ಇಬ್ಬರು ಹುಡುಗರು ಪ್ಲೇಟು ಕೊರೆಯುವ ಯಂತ್ರ ಹೊತ್ತುಕೊಂಡು ಹೋದರು. ಅಲ್ಯೂಮಿನಿಯಂ ತಟ್ಟೆಗೆ ಮೆರುಗೆಣ್ಣೆಯಂಥ ಕಪ್ಪು ಲೇಪ. ಬಳಗ ನುಡಿಸುತ್ತಿದ್ದ ಹಾಗೆಯೇ ಅದರ ಮೇಲೆ ಮುಳ್ಳು ಕೊರೆಯುತ್ತ ಹೋಗಬೇಕು. ಕೂದಲೆಳೆಯಂಥ ಸಿಪ್ಪೆ ಸುರುಳಿ ಸುರುಳಿಯಾಗಿ ಏಳುತ್ತದೆ. ಮುಳ್ಳಿಗೆ ಸಿಕ್ಕಿಕೊಂಡರೆ ಕೆಲಸ ಕೆಟ್ಟಿತು, ಬ್ರಶ್ಶಿನಿಂದ ಸರಿಸುತ್ತಲೇ ಇರಬೇಕು. ಸಿಗರೇಟಿನ ಕಿಡಿ ತಾಗಿದರೆ ಆ ಸಿಪ್ಪೆ ಭಗ್ಗನೆ ಹೊತ್ತಿಕೊಳ್ಳುತ್ತದೆ. ಹದಿನಾರು ಇಂಚಿನ ಪ್ಲೇಟಾದರೂ ಮಗ್ಗುಲಿಗೆ ಹದಿನೈದು ನಿಮಿಷವಷ್ಟೇ. ಮುಗಿದೊಡನೆ ಬದಲಿಸಬೇಕು, ಅಷ್ಟರಲ್ಲಿ ಬಳಗ ಮುಂದಕ್ಕೆ ಹೋಗಿರುತ್ತದೆ. ಹೀಗಾಗಿ ಕೆಲವು ಹಾಡು ಅರ್ಧಕ್ಕೇ ನಿಂತಿವೆ. ನನಗಂತೂ ಆ ಕಡಿತಗಳೂ ಪ್ರಿಯ. ಅಲ್ಲಿ ಒಬ್ಬ ಮನುಷ್ಯ ಬೆವರುತ್ತ ಪ್ಲೇಟು ತಿರುವುತ್ತಿದ್ದಾನೆ ಎಂದು ಗೊತ್ತಾಗುತ್ತದಲ್ಲ.

ಪುಣೆಗೆ ಆ ಪಾಡು ಬರಲಿಲ್ಲ. ಕುಂದಗೋಳದ ರಾಮಭಾವು, ಅಂದರೆ ಸವಾಯಿ ಗಂಧರ್ವರು, 1952ರಲ್ಲಿ ಇಲ್ಲಿ ತೀರಿಕೊಂಡರು. ಮರುವರ್ಷವೇ ಶಿಷ್ಯ ಭೀಮಸೇನರು ಅವರ ಹೆಸರಿನ ಉತ್ಸವ ಶುರು ಮಾಡಿದರು. ಆ ಹೊತ್ತಿಗೆ ಟೇಪು ಬಂದಾಗಿತ್ತು. ಆಗೆಲ್ಲ ರಾತ್ರಿಯಿಡೀ ಹಾಡಿಕೆ, ಬೆಳಗಿನ ಜಾವಕ್ಕೆ ತೋಡಿ ರಾಗ: ಇಂಥದನ್ನು ಯಾವ ಪ್ಲೇಟು ಹಿಡಿದೀತು?

ಆದರೆ ಟೇಪಿನ ಕ್ಯಾಸೆಟ್ಟಿಗೂ ಮಗ್ಗುಲು ಇತ್ತು ನೋಡಿ. ಸದಾಶಿವ ಪೇಟೆಯ ಹಿರಿಯ ಗೆಳೆಯರೊಬ್ಬರು ಮನೆ ಬೈಠಕ್ಕಿನಲ್ಲಿ ಹಿಡಿದಿಟ್ಟ ಒಂದು ತೋಡಿ ನಮ್ಮಲ್ಲಿದೆ. ನಲವತ್ತೈದನೇ ನಿಮಿಷಕ್ಕೆ ತಾನ್ ಮೇಲೇರುತ್ತಿರುವಾಗಲೇ ‘ಖಟ್’. ಮಗುಚಿ ಹಾಕಿದರೆ ಆಗಲೇ ದ್ರುತ್ ಓಡುತ್ತಿದೆ, ಯಾರೋ ಕೆಮ್ಮುತ್ತಾರೆ, ಲೋಟ ಸದ್ದಾಗುತ್ತದೆ. ಆ ನಡುವೆ ಕಳೆದುಹೋದ ತಾನನ್ನು ಗೆಳೆಯರು ಕ್ಯಾಸೆಟ್ ತಿರುಗಿಸುತ್ತಲೇ, ಪ್ರತಿ ಸಲವೂ, ತಾವೇ ಹಾಡಿ ಮುಗಿಸುತ್ತಿದ್ದರು.