ಕೇಳದೆ ಒಪ್ಪಿಕೊಂಡದ್ದು

ಆಂಗ್ಲರ ಮಾತಿನಲ್ಲಿ ಮೇಲಿಂದ ಮೇಲೆ ಕೇಳಬರುವ ನುಡಿಗಟ್ಟುಗಳಲ್ಲಿ ‘ಟೇಕ್ ಫಾರ್ ಗ್ರಾಂಟೆಡ್’ ಎಂಬುದೂ ಒಂದು. ಹೈಸ್ಕೂಲಿನಲ್ಲಿ ಅದು ನಮ್ಮ ಪಾಠದೊಳಗೆ ಬಂದಾಗ, ನಾವು ಪದಕ್ಕೆ ಪದವಿಟ್ಟು ‘ಕೊಟ್ಟದ್ದಕ್ಕಾಗಿ ತೆಗೆದುಕೊಳ್ಳುವುದು’ ಎಂದು ಭಾಷಾಂತರಿಸಿದೆವು. ತರಗತಿಯೆಲ್ಲವೂ ನಕ್ಕಿತು. ಉಪಾಧ್ಯಾಯಿನಿಯವರು ಮಾತ್ರ ನಗದೆ ಅರ್ಥವನ್ನು ಬಿಡಿಸಿ ಹೇಳಿದರು.

‘ಗ್ರಾಂಟ್’ ಎಂದರೆ ನೀಡುವುದು, ದಯಪಾಲಿಸುವುದು. ೧೮೫೪ರ ವುಡ್ ಸಾಹೇಬರ ವಿದ್ಯಾವಿಷಯಕ ಪತ್ರದ ತರುವಾಯ ಖಾಸಗಿ ಶಾಲೆಗಳಿಗೂ ಮಿಶನ್ ಶಾಲೆಗಳಿಗೂ ದೊರೆಯತೊಡಗಿದ ಸರಕಾರದ ಸಹಾಯಧನಕ್ಕೂ ಇದೇ ಹೆಸರು. ಆದರೆ ವಾದದಲ್ಲಿ ಎದುರಾಳಿಯ ಮಾತನ್ನು ಪ್ರಮಾಣ ಕೇಳದೆ ಒಪ್ಪಿಕೊಡುವುದೂ ‘ಗ್ರಾಂಟ್’ ಎನ್ನಿಸುವುದು. ಹಾಗೆ ಒಪ್ಪಿಕೊಟ್ಟದ್ದೆಂದು ಎಣಿಸಿ ಮುಂದೆ ನಡೆಯುವುದೇ ಈ ನುಡಿಗಟ್ಟಿನ ಹುರುಳು. ಹದಿನೇಳನೆಯ ಶತಮಾನದಿಂದಲೂ ಅದು ಬಳಕೆಯಲ್ಲಿದೆ. ‘ಗ್ರಾಂಟ್’ ಪದವು ಫ್ರೆಂಚಿನ ಮೂಲಕ, ‘ನಂಬು’ ಎಂಬರ್ಥದ ಲ್ಯಾಟಿನ್ ಧಾತುವಿನಿಂದ ಬಂದುದು.

ಇದರ ಪ್ರಯೋಗ ಎರಡು ಬಗೆ. ರೈಲು ಹೊತ್ತಿಗೆ ಸರಿಯಾಗಿ ಬರುವುದೆಂದು ವಿಚಾರಿಸದೆ ನಂಬಿ ಹೊರಡುವುದು ಮೊದಲನೆಯದು. ಅಲ್ಲಿ ಕೊರತೆಯಾದುದು ವಿಚಾರ. ಕುಡಿಯುವ ನೀರು, ದೇಹದ ಆರೋಗ್ಯ, ಮನೆಯ ಗೃಹಿಣಿ ಇವುಗಳ ಬೆಲೆಯನ್ನು ಗಮನಿಸದೆ ಬಾಳುವುದು ಎರಡನೆಯದು. ಅಲ್ಲಿ ಕೊರತೆಯಾದುದು ಕೃತಜ್ಞತೆ. ‘ಇದ್ದೇ ಇದೆಯಲ್ಲ’ ಎಂದು ನಾವು ಕನ್ನಡದಲ್ಲಿ ಹೇಳುವಾಗ ಈ ಎರಡೂ ಸೇರಿಕೊಂಡಿರುತ್ತವೆ. ಹಿತ್ತಲ ಗಿಡ ಮದ್ದಲ್ಲವೆಂಬ ಗಾದೆಯೂ ಎರಡನೆಯದರ ನೆರೆಯಲ್ಲಿಯೇ ಇದೆ. ಇನ್ನೊಂದು ಸಂಗತಿ: ಆಂಗ್ಲರು ತಮ್ಮ ವಿಷಯವಾಗಿ ಈ ಮಾತನ್ನು ಹಲವು ಸಲ ಭೂತಕಾಲದಲ್ಲಿ, ತಪ್ಪೊಪ್ಪಿಗೆಯಾಗಿ ಆಡುವುದುಂಟು. ಯಾಕೆಂದರೆ ಹಾಗೆ ಎಣಿಸುತ್ತಿರುವವನಿಗೆ ಆ ಗಳಿಗೆಯಲ್ಲಿ ಅದರ ಅರಿವೇ ಇರುವುದಿಲ್ಲ.

ಅವಸರದ ಉಚ್ಚಾರಣೆಯಲ್ಲಿ ‘ಟ’ಕಾರ ಜಾರಿಹೋಗುವುದರಿಂದ ಅವರಲ್ಲಿಯೇ ಕೆಲವರು ‘ಗ್ರಾಂಟೆಡ್’ ಎಂಬುದನ್ನು ‘ಗ್ರಾನೈಟ್’ ಎಂದು ಬರೆದುಬಿಡುವುದುಂಟು. ತಪ್ಪೇನೋ ನಿಜ, ಆದರೂ ಕೇಳದೆ ಒಪ್ಪಿಕೊಂಡ ಎಣಿಕೆಯು ಕಗ್ಗಲ್ಲಿನಂತೆ ಅಲುಗದೆ ಕುಳಿತಿರುವುದೂ ಸುಳ್ಳಲ್ಲ.

ಸ್ವಂತ ವಾಕ್ಯದಲ್ಲಿ ಪ್ರಯೋಗಿಸಿ ತರಬೇಕೆಂದು ಅಪ್ಪಣೆಯಾಯಿತು. ‘ಮನೆಗೆಲಸವನ್ನೆಲ್ಲ ಅಕ್ಕ ನೋಡಿಕೊಳ್ಳುವಳೆಂದು ನಾವು ಎಣಿಸಿಯೇ ಇದ್ದೇವೆ’ ಎಂಬರ್ಥದ ವಾಕ್ಯವನ್ನು ನಾವು ಆಂಗ್ಲದಲ್ಲಿ ಬರೆದೊಪ್ಪಿಸಿದೆವು. ಉಪಾಧ್ಯಾಯಿನಿಯವರು ಸರಿಯೆಂದು ಗುರುತು ಹಾಕಿ, ಕೆಳಗೆ ಕೆಂಪು ಶಾಯಿಯಲ್ಲಿ ‘ಎರಡರಲ್ಲಿ ಯಾವ ಅರ್ಥ?’ ಎಂದು ಬರೆದಿದ್ದರು.

ನಮಗೆ ಉತ್ತರ ತೋಚಲಿಲ್ಲ. ತಾಯಿಯವರು ಹಾಸಿಗೆ ಹಿಡಿದ ವರ್ಷ, ಏಳನೆಯ ತರಗತಿ ಮುಗಿಸಿದ್ದ ಅಕ್ಕ ಶಾಲೆ ಬಿಟ್ಟಿದ್ದಳು. ನಾವು ಬಿಡಲಿಲ್ಲ. ಆ ಸಂಜೆ ಅವಳು ಒಲೆಯ ಮುಂದಿದ್ದಾಗ, “ಅಕ್ಕಾ, ಶಾಲೆ ಬಿಡುತ್ತೀಯಾ ಎಂದು ನಿನ್ನನ್ನು ಯಾರಾದರೂ ಕೇಳಿದ್ದರೇ?” ಎಂದೆವು.

“ಕೇಳುವುದೇನು ಬಂತು? ನಾನೂ ಹಾಗೆಯೇ ತಿಳಿದುಕೊಂಡಿದ್ದೆ,” ಎಂದಳು. ಸ್ವಲ್ಪ ಹೊತ್ತು ಸುಮ್ಮನಿದ್ದು, “ಆ ಪುಸ್ತಕವನ್ನು ಇತ್ತ ಕೊಡು, ನೋಡೋಣ,” ಎಂದು ಕೈ ಒರಸಿಕೊಂಡಳು.

ಆ ರಾತ್ರಿ ಪಾತ್ರೆಗಳನ್ನು ನಾವು ತೊಳೆದೆವು. ಅಕ್ಕ ನಮ್ಮ ಪಾಠಪುಸ್ತಕವನ್ನು ಹಿಡಿದು ದೀಪದ ಬಳಿ ಕುಳಿತಳು. ಮುಂದೆಯೂ ಬಹಳ ರಾತ್ರಿಗಳು ಹೀಗೆಯೇ ಕಳೆದವು. ಅವಳು ಶಾಲೆಗೆ ಮರಳಲಿಲ್ಲ. ಅಷ್ಟರಲ್ಲಿ ಕಾಲ ಮೀರಿತ್ತು. ಆದರೆ ಅವಳ ಮಗಳು ಇದೇ ಶಾಲೆಯಲ್ಲಿ ಓದಿದಳು. ಅವಳನ್ನು ಸೇರಿಸುವ ದಿನ ಅಕ್ಕ ಮೊದಲು ಮಾಡಿದ ಕೆಲಸವೆಂದರೆ, ‘ನಿನಗೆ ಮನಸ್ಸಿದೆಯೇ?’ ಎಂದು ಮಗಳನ್ನೇ ಕೇಳಿದ್ದು.

ತಂದೆತಾಯಿಗಳೇ, ಹಳೆಯ ವಿದ್ಯಾರ್ಥಿನಿಯರಾದ ಸೋದರಿಯರೇ, ಕೆಂಪು ಶಾಯಿಯ ಆ ಪ್ರಶ್ನೆಗೆ ಈಗ ನಮ್ಮಲ್ಲಿ ಉತ್ತರವಿದೆ: ಎರಡು ಅರ್ಥವೂ ಹೌದು. ನಿಮ್ಮ ಮನೆಗಳಲ್ಲಿ ‘ಇದ್ದೇ ಇದ್ದಾಳೆ’ ಎನ್ನಿಸಿಕೊಳ್ಳುವವರು ಯಾರಾದರೂ ಇದ್ದರೆ, ಇಂದೇ ಒಂದು ಮಾತು ಅವರನ್ನು ಕೇಳಿರಿ.