ರಸ್ತೆಯಿಲ್ಲದ ನಿಲ್ದಾಣದಲ್ಲಿ ಒಂದು ಹಗಲು

ಮಕ್ಕಳು ಹೊರದೇಶದಲ್ಲಿ ನೆಲೆಸಿರುವ ಮನೆಗಳು ನಮ್ಮ ಸಮಾಜದಲ್ಲಿ ಈಗ ಅಪರೂಪವಲ್ಲ. ಅಂಥ ಮನೆಗಳ ಹಿರಿಯರಿಗೂ ಒಂದಿಲ್ಲೊಂದು ದಿನ ವಿಮಾನವೇರುವ ಯೋಗ ಒದಗಿಬರುತ್ತದೆ. 2023ರ ಮೇ ತಿಂಗಳಲ್ಲಿ ನಾವು ದಂಪತಿಗಳು ಲಂಡನ್ನಿನ ಮಗಳ ಮನೆಗೆ 40 ದಿನಗಳ ಮಟ್ಟಿಗೆ ಹೋಗುವುದೆಂದು ನಿಶ್ಚಯವಾದಾಗ ಸಂತೋಷಕ್ಕಿಂತ ಮೊದಲು ಎದುರಾದದ್ದು ಚಿಂತೆಯೇ. ಧಾರವಾಡದ ಮನೆಯಲ್ಲಿ 86 ವರ್ಷದ ತಾಯಿಯವರಿದ್ದರು. ತಮ್ಮನ ಮಡದಿ ಬಂದು ಜೊತೆಗಿರಲು ಒಪ್ಪಿದರು. ಎದುರು ಮನೆಯ ನಿವೃತ್ತ ಮಾಸ್ತರರು ಧೈರ್ಯ ಹೇಳಿದರು. ಆದರೂ ಮನಸ್ಸು ತೂಗಾಡುತ್ತಲೇ ಇತ್ತು.

ಗಂಟುಮೂಟೆಯ ವಿಷಯವನ್ನು ಬೆಳೆಸುವುದಿಲ್ಲ. ಖಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ ಪೆಟ್ಟಿಗೆ ಸೇರಿದವು. ಧಾರವಾಡದ ಪೇಡೆಯನ್ನು ಮಾತ್ರ ಬಿಟ್ಟು ಹೋಗಬೇಕಾಯಿತು. ನಮ್ಮಂಥ ದೇಶಗಳಿಂದ ಹಾಲಿನ ಪದಾರ್ಥ ತರುವುದಕ್ಕೆ ಅಲ್ಲಿ ನಿಷೇಧವುಂಟು. ಮಗಳು ಇದಕ್ಕೆ ಇಂದಿಗೂ ನಮ್ಮನ್ನು ಕ್ಷಮಿಸಿಲ್ಲ!

ಫೋನಿನ ಏರ್ಪಾಡಿಗೆ ಮಾತ್ರ ಬಹಳ ಹೊತ್ತು ಹಿಡಿಯಿತು. ಬ್ಯಾಂಕಿನ ಗುಪ್ತಸಂಖ್ಯೆ ಬರುವುದು ನಮ್ಮ ದೇಶದ ನಂಬರಿಗೇ ಆದ್ದರಿಂದ ಆ ಸಿಮ್ ಕಾರ್ಡನ್ನು ಕಿತ್ತು ಮನೆಯಲ್ಲಿಟ್ಟು ಹೋಗುವುದು ತಪ್ಪು. ಅದಕ್ಕೆ ಹೊರಡುವ ಮೊದಲೇ ರೋಮಿಂಗ್ ಸೌಲಭ್ಯ ಮಾಡಿಸಿಕೊಂಡೆವು. ಅಲ್ಲಿನ ಸಿಮ್ಮನ್ನು ಅದೇ ಫೋನಿನ ಎರಡನೆಯ ಸ್ಥಾನದಲ್ಲಿ ಹಾಕಿದೆವು. ವಾಟ್ಸಾಪ್ ಹಳೆಯ ನಂಬರಿನಲ್ಲಿಯೇ ನಡೆಯಿತು. ಪಾಸ್‌ಪೋರ್ಟ್, ವೀಸಾ, ವಿಮೆ ಇವುಗಳ ಪ್ರತಿಗಳನ್ನು ಒಂದು ಕಟ್ಟು ಮನೆಯಲ್ಲಿ, ಇನ್ನೊಂದು ಕಟ್ಟು ಕೈಚೀಲದಲ್ಲಿ ಇಟ್ಟೆವು.

ಇಷ್ಟೆಲ್ಲ ಮಾಡಿಯೂ ಎಡವಿದ್ದು ಒಂದು ಸೊನ್ನೆಯಲ್ಲಿ! ಮಗಳ ನಂಬರನ್ನು ಅಲ್ಲಿನವರು ಬರೆಯುವಂತೆ ಸೊನ್ನೆಯಿಂದ ಆರಂಭಿಸಿ, ಅದರ ಹಿಂದೆ ದೇಶದ ಸಂಖ್ಯೆ 44 ಸೇರಿಸಿ ಗೋಡೆಗೆ ಅಂಟಿಸಿದ್ದೆವು. ಹೊರದೇಶದಿಂದ ಕರೆಯುವಾಗ ಆ ಸೊನ್ನೆಯನ್ನು ಬಿಡಬೇಕು. ಮೂರು ದಿನ ಮನೆಯವರು ಯತ್ನಿಸಿದರೂ ಕರೆ ತಾಗಲಿಲ್ಲ. ನಾವಾಗಿಯೇ ವಾಟ್ಸಾಪಿನಲ್ಲಿ ಮಾತನಾಡಿದಾಗ ತಪ್ಪು ಗೊತ್ತಾಯಿತು. ಹೊರಡುವ ಮುನ್ನ ಒಮ್ಮೆ ಕರೆ ಮಾಡಿ ನೋಡಬೇಕಿತ್ತು.

ಗೋಡೆಯ ಆ ಹಾಳೆಯಲ್ಲಿ ತಾಯಿಯವರ ಮಾತ್ರೆಗಳು, ಡಾಕ್ಟರರ ನಂಬರು ಎಲ್ಲವನ್ನೂ ದಪ್ಪಕ್ಷರದಲ್ಲಿ ಬರೆದಿದ್ದೆವು. ಮಾಸ್ತರರು ಓದಿ ನೋಡಿ, "ಕಡೀಕ ಇನ್ನೊಂದು ಸಾಲು ಬರೀರಿ. ನಿಮ್ಮ ಫೋನು ಹತ್ತಲಿಲ್ಲಂದ್ರ ನಾವು ಏನು ಮಾಡಬೇಕು ಅನ್ನೋದನ್ನ" ಎಂದರು. ಬರೆಯಲು ಕೈ ಹಿಂಜರಿಯಿತು. ಕೊನೆಗೆ, "ನಾವು ಸಿಗದಿದ್ದರೆ ನಮ್ಮ ಉತ್ತರಕ್ಕೆ ಕಾಯಬೇಡಿರಿ, ನಿಮಗೆ ಸರಿ ಕಂಡಂತೆ ಮಾಡಿರಿ" ಎಂದು ಬರೆದು, ಖರ್ಚಿಗೆಂದು ಒಂದಿಷ್ಟು ಹಣವನ್ನು ಅವರ ಬಳಿ ಇಟ್ಟು ಹೊರಟೆವು.

ಬೇಸಿಗೆಯಲ್ಲಿ ಲಂಡನ್ನಿನ ಗಡಿಯಾರ ನಮಗಿಂತ ನಾಲ್ಕೂವರೆ ಗಂಟೆ ಹಿಂದೆ. ಅಕ್ಟೋಬರ್ ಕೊನೆಯ ಭಾನುವಾರದಿಂದ ಮಾರ್ಚ್ ಕೊನೆಯ ಭಾನುವಾರದವರೆಗೆ ಐದೂವರೆ ಗಂಟೆ. ಈ ಲೆಕ್ಕದ ಮೂಲಸ್ಥಾನವಾದ ಗ್ರೀನಿಚ್ ವೀಕ್ಷಣಾಲಯವನ್ನು ಮೊದಲ ವಾರದಲ್ಲಿಯೇ ನೋಡಿದೆವು. 1675ರಲ್ಲಿ ಸ್ಥಾಪನೆಯಾದ ಈ ಸಂಸ್ಥೆಯ ಗೋಪುರದ ತುದಿಯಲ್ಲಿ ಕಂಬಕ್ಕೆ ಪೋಣಿಸಿದ ಕೆಂಪು ಚೆಂಡೊಂದಿದೆ. 12 ಗಂಟೆ 55 ನಿಮಿಷಕ್ಕೆ ಅರ್ಧ ಏರಿತು; 58ಕ್ಕೆ ತುದಿ ಮುಟ್ಟಿತು; ಸರಿಯಾಗಿ 1 ಗಂಟೆಗೆ ಕೆಳಗಿಳಿಯಿತು. ಥೇಮ್ಸ್ ನದಿಯಲ್ಲಿ ನಿಂತ ಹಡಗುಗಳ ನಾವಿಕರು ತಮ್ಮ ಗಡಿಯಾರ ಸರಿಪಡಿಸಿಕೊಳ್ಳಲೆಂದು 1833ರಲ್ಲಿ ಮಾಡಿದ ಏರ್ಪಾಡು ಇದು. ಧಾರವಾಡದಲ್ಲಿ ಆಗ ಸಂಜೆ ಐದೂವರೆ. ತಾಯಿಯವರು ಚಹಾ ಕುಡಿದು ಪಡಸಾಲೆಗೆ ಬರುವ ಹೊತ್ತು. ಅಂದಿನಿಂದ ಅದೇ ನಮ್ಮ ಮಾತಿನ ಸಮಯವಾಯಿತು.

ಜೂನ್ ತಿಂಗಳಲ್ಲಿ ಮಗಳು, ಅಳಿಯನ ಜೊತೆ ಸ್ಕಾಟ್‌ಲೆಂಡಿನ ಫೋರ್ಟ್ ವಿಲಿಯಂ ಊರಿಗೆ ಹೋದೆವು. ಅಲ್ಲಿಂದ ಒಂದು ಬೆಳಿಗ್ಗೆ ರೈಲಿನಲ್ಲಿ ಕೊರೂರ್ ಎಂಬ ನಿಲ್ದಾಣಕ್ಕೆ ಹೊರಟೆವು. ಹೆಸರು ನಮ್ಮ ಕಡೆಯ ಹಳ್ಳಿಯಂತೆ ಕೇಳಿಸಿದರೂ ಅಲ್ಲಿ ಊರಿಲ್ಲ. ಸಾರ್ವಜನಿಕ ರಸ್ತೆಯೂ ಇಲ್ಲ. ಸುತ್ತಲೂ ರಾನಾಕ್ ಎಂಬ ಜೌಗು ಬಯಲು. ಹಳಿ ಹೂತುಹೋಗದಿರಲೆಂದು ಮರದ ಬೇರು, ಕಟ್ಟಿಗೆ, ಮಣ್ಣು, ಬೂದಿಗಳನ್ನು ಹಾಸಿ ಅದರ ಮೇಲೆ ಮಾರ್ಗ ನಿರ್ಮಿಸಿದ್ದಾರೆ. 1894ರಲ್ಲಿ ಆರಂಭವಾದ ಮಾರ್ಗದ ಮೇಲೆ ಗಾಡಿ ಇಂದಿಗೂ ಓಡುತ್ತಿದೆ. ಇಳಿದು ಸ್ವಲ್ಪ ದೂರ ನಡೆದರೆ ಆಸಿಯನ್ ಎಂಬ ಸರೋವರ. ಗಾಳಿಯ ಸದ್ದಿನ ಹೊರತು ಇನ್ನೇನೂ ಕೇಳದು. ಆ ನಿಶ್ಶಬ್ದದಲ್ಲಿ ನಮ್ಮ ಫೋನುಗಳೂ ಮೂಕವಾಗಿದ್ದವು. ಇಂದು ಮಾತು ಆಗದೆಂದು ಹಿಂದಿನ ದಿನವೇ ಮನೆಗೆ ತಿಳಿಸಿದ್ದೆವಾದ್ದರಿಂದ ನಿಶ್ಚಿಂತೆಯಿಂದ ಸಂಜೆಯವರೆಗೆ ಅಡ್ಡಾಡಿದೆವು.

ಏಳು ಗಂಟೆಗೆ ಫೋರ್ಟ್ ವಿಲಿಯಂ ತಲುಪುತ್ತಿದ್ದಂತೆ ಫೋನು ಒಂದೇ ಸಮನೆ ಸದ್ದು ಮಾಡತೊಡಗಿತು. ಹನ್ನೊಂದು ಸಂದೇಶಗಳು! ಮಧ್ಯಾಹ್ನ ಎರಡು ಗಂಟೆಗೆ ತಾಯಿಯವರು ಹಿತ್ತಲಿನಲ್ಲಿ ಕಾಲು ಜಾರಿ ಬಿದ್ದಿದ್ದರು. ನಡುಗುವ ಕೈಯಿಂದ ಒಂದೊಂದನ್ನೇ ಓದಿದೆವು. ಮೊದಲಿನ ಮೂರು ನಮ್ಮನ್ನು ಕರೆಯುವವು. ನಾಲ್ಕನೆಯದರಲ್ಲಿ ಮಾಸ್ತರರು, "ಹಾಳಿಯೊಳಗ ಬರದಂಗ ನಾವ ದವಾಖಾನಿಗೆ ಕರಕೊಂಡು ಹೊಂಟೇವಿ" ಎಂದು ಬರೆದಿದ್ದರು. ಮಣಿಕಟ್ಟಿನ ಎಲುಬು ಸೀಳಿತ್ತು, ತಲೆಗೆ ಪೆಟ್ಟಾಗಿರಲಿಲ್ಲ. ಕೊನೆಯದರಲ್ಲಿ ಪ್ಲಾಸ್ಟರ್ ಹಾಕಿಸಿಕೊಂಡು ಮನೆಯಲ್ಲಿ ಮಲಗಿದ್ದ ತಾಯಿಯವರ ಚಿತ್ರ. ಅಲ್ಲಿ ಆಗಲೇ ರಾತ್ರಿ ಹನ್ನೊಂದೂವರೆ. ಎಬ್ಬಿಸುವುದು ಬೇಡವೆಂದರೂ ನಮಗೆ ಮಾತ್ರ ಅಂದು ನಿದ್ರೆ ಬರಲಿಲ್ಲ.

ಮರಳಿ ಹೋಗಿಬಿಡೋಣವೆಂದು ಟಿಕೆಟ್ಟು ವಿಚಾರಿಸಿದ್ದೂ ಉಂಟು. ತಾಯಿಯವರೇ ಗದರಿಸಿ ಬೇಡವೆಂದರು. ಲಂಡನ್ನಿಗೆ ಬಂದ ಮೇಲೆ ಥೇಮ್ಸ್ ದಂಡೆಯ ಆಲ್ಬರ್ಟ್ ಎಂಬ್ಯಾಂಕ್‌ಮೆಂಟಿಗೆ ಹೋದೆವು. 2015ರ ನವೆಂಬರ್ 14ರಂದು ಪ್ರಧಾನಿ ನರೇಂದ್ರ ಮೋದಿಯವರು ಅನಾವರಣಗೊಳಿಸಿದ ಬಸವೇಶ್ವರರ ಪ್ರತಿಮೆ ಅಲ್ಲಿದೆ. ನದಿಯಾಚೆಗೆ ಬ್ರಿಟಿಷ್ ಪಾರ್ಲಿಮೆಂಟ್ ಭವನ. ಒಂದು ಗಂಟೆಯಾಗುವುದನ್ನೇ ಕಾದು ವಿಡಿಯೋ ಕರೆ ಮಾಡಿ ಫೋನನ್ನು ಪ್ರತಿಮೆಯತ್ತ ಹಿಡಿದೆವು. ತಾಯಿಯವರು ಪ್ಲಾಸ್ಟರಿನ ಕೈಯನ್ನು ಇನ್ನೊಂದು ಕೈಗೆ ಜೋಡಿಸಲು ಯತ್ನಿಸಿ, ಆಗದೆ, ತಲೆಬಾಗಿದರು. ಆಮೇಲೆ, "ಗಾಳಿ ಭಾಳ ಐತೇನಪಾ? ಕಿವಿಗೆ ಏನರ ಕಟಗೋ" ಎಂದರು.