ಹಳೆಯ ತುತ್ತೂರಿಯ ಕ್ರಯ

ಹೊಸ ವಸ್ತುವನ್ನು ಕೊಳ್ಳುವವನಿಗೆ ಹಣವಿದ್ದರೆ ಸಾಕು. ಹಳೆಯ ವಸ್ತುವನ್ನು ಕೊಳ್ಳುವವನಿಗೆ ಹಣದೊಡನೆ ವಿವೇಕವೂ ಬೇಕು; ವಿವೇಕಕ್ಕಿಂತ ಮಿಗಿಲಾಗಿ, ಮಾರುವವನ ಬಾಯಲ್ಲಿ ಒಂದಿಷ್ಟು ಸತ್ಯವೂ ಬೇಕು. ಎತ್ತನ್ನು ಕೊಳ್ಳುವವನು ಅದರ ಹಲ್ಲು ನೋಡುತ್ತಾನೆ. ಹಳೆಯ ಮನೆಯನ್ನು ಕೊಳ್ಳುವ ಜಾಣನು ಆಷಾಢದ ಮಳೆಯಲ್ಲಿಯೇ ಬಂದು ಮಾಡು ನೋಡುತ್ತಾನೆ. ಆದರೆ ಹಳೆಯ ತುತ್ತೂರಿಯನ್ನು ಕೊಳ್ಳುವವನು ಏನನ್ನು ನೋಡಬೇಕು? ಈ ಪ್ರಶ್ನೆಯು ಮಂಗಳೂರಿನ ಮಾಸ್ತರರೊಬ್ಬರನ್ನು ಕಳೆದ ಮಳೆಗಾಲದ ಕೊನೆಯಲ್ಲಿ ಒಂದು ವಾರ ನಿದ್ದೆಗೆಡಿಸಿತು.

ಮಾಸ್ತರರು ಪ್ರೌಢಶಾಲೆಯಲ್ಲಿ ಕನ್ನಡ ಕಲಿಸುವವರು. ಶಂಖ, ಭೇರಿ, ಕಹಳೆ, ತೂರ್ಯಗಳೆಂದರೆ ಅವರಿಗೆ ಅಪರಿಚಿತವಲ್ಲ. ಹಳಗನ್ನಡದ ಕಾವ್ಯಗಳಲ್ಲಿ ಅವು ಮೊಳಗದೆ ಯುದ್ಧವೇ ತೊಡಗುವುದಿಲ್ಲವೆಂಬುದನ್ನು ಅವರು ತರಗತಿಯಲ್ಲಿ ಎಷ್ಟೋ ಸಲ ವಿವರಿಸಿದ್ದಾರೆ. ಆದರೆ ಕಾವ್ಯದ ಕಹಳೆಗೆ ಪಿಸ್ಟನ್ನುಗಳಿಲ್ಲ, ಕ್ರಯವೂ ಇಲ್ಲ. ಅದನ್ನು ಯಾರು ಊದಿದರು, ಊದಿ ಊದಿ ಅವರ ಹಲ್ಲುಗಳೇನಾದವು ಎಂದು ಯಾವ ಕವಿಯೂ ಕೇಳಿದವನಲ್ಲ.

ಊದಿದವನ ಕಥೆ ಮಾಸ್ತರರ ಮನೆಯಲ್ಲಿಯೇ ಇತ್ತು. ಅವರ ತಂದೆ ನಲವತ್ತು ವರ್ಷ ಬ್ಯಾಂಡಿನಲ್ಲಿ ಟ್ರಂಪೆಟ್ ಊದಿದವರು. ಮಂಗಳೂರಿನಲ್ಲಿ ಬ್ಯಾಂಡಿನವನಿಗೆ ಮತಭೇದವೆಂಬುದಿಲ್ಲ. ಬೆಳಿಗ್ಗೆ ಇಗರ್ಜಿಯ ಹಬ್ಬದ ಮೆರವಣಿಗೆ, ಸಂಜೆ ಮದುವೆಯ ದಿಬ್ಬಣ, ನಡುವೆ ಚೌತಿಯ ಗಣಪತಿಯನ್ನು ನೀರಿಗೆ ಕಳುಹಿಸುವ ಗದ್ದಲ. ಒಮ್ಮೊಮ್ಮೆ ಕ್ರೈಸ್ತರ ಶವಯಾತ್ರೆಯಲ್ಲಿ, ಹೆಜ್ಜೆಗೊಂದು ಸ್ವರವೆಂಬಷ್ಟು ನಿಧಾನವಾಗಿ ಊದುವ ಶೋಕದ ಪಾಡು. ಅದೇ ಕೆಂಪು ಕೋಟು, ಅದೇ ತುತ್ತೂರಿ. ಮಂಗಳೂರಿನವರಿಗೆ ಊದುವ ಪರದೇಶಿ ವಾದ್ಯವೆಂದರೆ ಮೊದಲು ನೆನಪಾಗುವುದು ಕದ್ರಿ ಗೋಪಾಲನಾಥರ ಸ್ಯಾಕ್ಸೊಫೋನ್. 1949ರಲ್ಲಿ ಹುಟ್ಟಿ 2019ರಲ್ಲಿ ತೀರಿಕೊಂಡ ಆ ವಿದ್ವಾಂಸರು, ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಕಂಡ ವಾದ್ಯವನ್ನು ಗಮಕಕ್ಕೆ ಒಗ್ಗಿಸಿ ಕರ್ನಾಟಕ ಸಂಗೀತದ ವೇದಿಕೆಯ ಮೇಲೆ ಕುಳ್ಳಿರಿಸಿದರು. ಸ್ಯಾಕ್ಸೊಫೋನಿಗೆ ಕುಳಿತುಕೊಳ್ಳಲು ಚಾಪೆ ದೊರೆಯಿತು. ಟ್ರಂಪೆಟ್ ಮಾತ್ರ ಬೀದಿಯಲ್ಲಿಯೇ ನಡೆಯುತ್ತ ಉಳಿಯಿತು. ಮಾಸ್ತರರ ತಂದೆಯೂ ಅದರೊಡನೆ ನಡೆದರು.

ಆ ಟ್ರಂಪೆಟ್ ಈಗ ಮನೆಯಲ್ಲಿರಲಿಲ್ಲ. 1994ರಲ್ಲಿ, ಮಾಸ್ತರರು ಕಾಲೇಜಿಗೆ ಸೇರಿದ ವರ್ಷ, ಶುಲ್ಕಕ್ಕೆಂದು ತಂದೆ ಅದನ್ನು ಮಾರಿದ್ದರು. ಆಮೇಲೆ ಬ್ಯಾಂಡಿನ ಯಜಮಾನನ ವಾದ್ಯವನ್ನೇ ಊದಿ, ಬಾಡಿಗೆಯನ್ನು ಕೂಲಿಯಲ್ಲಿ ಮುರಿಸಿಕೊಂಡು ದಿನ ಕಳೆದರು. ಈ ಸಂಗತಿಯನ್ನು ತಂದೆಯೂ ಎತ್ತಲಿಲ್ಲ, ಮಗನೂ ಎತ್ತಲಿಲ್ಲ. ಕೆಲವು ಸಾಲಗಳು ಹಾಗೆ. ಎಣಿಸತೊಡಗಿದರೆ ಸಣ್ಣವಾಗುತ್ತವೆಂಬ ಭಯದಿಂದ ಯಾರೂ ಎಣಿಸುವುದಿಲ್ಲ.

ಈಗ ಮಾಸ್ತರರ ಮಗ, ಹದಿಮೂರು ವರ್ಷದ ಹುಡುಗ, ಅಜ್ಜನಿಂದ ಟ್ರಂಪೆಟ್ ಕಲಿಯಬೇಕೆಂದು ಹಟ ಹಿಡಿದಿದ್ದ. ಅಜ್ಜನಿಗೆ ಎಪ್ಪತ್ತೆಂಟು. ಮುಂದಿನ ಹಲ್ಲುಗಳು ಹೋಗಿ ಬಹಳ ಕಾಲವಾಗಿತ್ತು. ತುಟಿಗೆ ಹಿಂದಿನಿಂದ ಆಧಾರವಾಗುವ ಹಲ್ಲುಗಳು ಹೋದ ಮೇಲೆ ಟ್ರಂಪೆಟ್ ಊದುವುದೆಂದರೆ ಗೋಡೆಯಿಲ್ಲದೆ ಮಾಡು ನಿಲ್ಲಿಸಿದಂತೆ. ಅದರ ಮೇಲೆ ಎರಡು ವರ್ಷದಿಂದ ಉಬ್ಬಸ. ಡಾಕ್ಟರರು ಹೆಚ್ಚೇನೂ ಹೇಳಿರಲಿಲ್ಲ; ಹೇಳದಿರುವುದರಲ್ಲಿಯೇ ಹೇಳಬೇಕಾದುದೆಲ್ಲ ಇತ್ತು. ಆದುದರಿಂದ ಕಲಿಸುವುದಿದ್ದರೆ ಈಗಲೇ ಕಲಿಸಬೇಕು. ಕಲಿಸಬೇಕಾದರೆ ವಾದ್ಯವೊಂದು ಬೇಕು. ಹೊರದೇಶದ ಹೊಸ ವಾದ್ಯದ ಕ್ರಯ ಕೇಳಿದಾಗ ಮಾಸ್ತರರಿಗೇ ಉಬ್ಬಸ ಬಂದಂತಾಯಿತು. ಹಂಪನಕಟ್ಟೆಯ ಹತ್ತಿರದ ಓಣಿಯ ಅಂಗಡಿಯೊಂದರಲ್ಲಿ ದುರಸ್ತಿ ಮಾಡಿದ ಹಳೆಯ ವಾದ್ಯಗಳು ದೊರೆಯುತ್ತವೆಂದು ಗೆಳೆಯರೊಬ್ಬರು ಹೇಳಿದರು.

ಹೊರಡುವ ಹಿಂದಿನ ರಾತ್ರಿ ಅಜ್ಜ ಮಗನನ್ನು ಮಂಚದ ಬಳಿಗೆ ಕರೆದರು.

"ಕಣ್ಣಿನಿಂದ ನೋಡಬೇಡ ಮಗಾ, ಕಣ್ಣು ಮೋಸ ಮಾಡುತ್ತದೆ. ಮೇಲೆ ಕೆತ್ತಿದ ಅಕ್ಷರವನ್ನು ಬೆರಳಿನಿಂದ ಮುಟ್ಟಿ ನೋಡು. ಪಿಸ್ಟನ್ ಒತ್ತದೆ ಎರಡನೆಯ ಸಣ್ಣ ಸ್ಲೈಡನ್ನು ಎಳೆ. ಟಪ್ಪೆಂದು ಶಬ್ದ ಬರಬೇಕು. ದೊಡ್ಡ ಸ್ಲೈಡನ್ನು ಕಳಚಿ ಕೊಳವೆಯ ಒಳಗೆ ನೋಡು. ಕೆಂಪು ಕಂಡರೆ ಎದ್ದು ಬಾ."

ಮಾಸ್ತರರು ಇದನ್ನು ಪಾಠದ ಟಿಪ್ಪಣಿಯಂತೆ ಚೀಟಿಯಲ್ಲಿ ಬರೆದುಕೊಂಡರು.

ಅಂಗಡಿಯಲ್ಲಿ ಎರಡು ಟ್ರಂಪೆಟ್‌ಗಳಿದ್ದುವು. ಒಂದು ಗಾಜಿನ ಕಪಾಟಿನೊಳಗೆ ಆಗತಾನೆ ಅಚ್ಚಿನಿಂದ ತೆಗೆದ ಬಂಗಾರದಂತೆ ಥಳಥಳಿಸುತ್ತಿತ್ತು. ಇನ್ನೊಂದು ಕಪಾಟಿನ ಮೇಲೆ, ಹಳೆಯ ಕಾಗದದ ಹಾಸಿಗೆಯಲ್ಲಿ ಬಿದ್ದುಕೊಂಡಿತ್ತು. ಅದರ ಮೈ ಮಾಸಿದ ದೀಪದ ಕಂಬದ ಬಣ್ಣ, ಬಾಗಿನಲ್ಲೊಂದು ತೇಪೆ. ಮೊದಲನೆಯದಕ್ಕೆ 14,000 ರೂಪಾಯಿ, ಎರಡನೆಯದಕ್ಕೆ 9,000. ಹುಡುಗನ ಕಣ್ಣು ಯಾವುದರ ಮೇಲೆ ನೆಟ್ಟಿತೆಂದು ಹೇಳಬೇಕಾಗಿಲ್ಲ. ಅಂಗಡಿಯ ಧಣಿಗಳು ಹೊಳೆಯುವುದನ್ನು ಹೊರಗಿಟ್ಟು, "ಹೊಸತರ ಹಾಗೆಯೇ ಉಂಟು ಮಾಸ್ಟ್ರೇ, ನೋಡಿ ನಿಧಾನ ಹೇಳಿ" ಎಂದು ಊಟಕ್ಕೆ ಎದ್ದುಹೋದರು.

ತುತ್ತೂರಿ ನೋಡುವುದಕ್ಕೆ ಸರಳವಾದ ವಸ್ತು. ಸುಮಾರು ಒಂದೂವರೆ ಮೀಟರು ಉದ್ದದ ಹಿತ್ತಾಳೆಯ ಕೊಳವೆಯನ್ನು ಎರಡು ಸುತ್ತು ಬಾಗಿಸಿ, ಒಂದು ತುದಿಯನ್ನು ದತ್ತೂರಿ ಹೂವಿನಂತೆ ಅರಳಿಸಿದರೆ ಅದರ ಶರೀರವಾಯಿತು. ಇಷ್ಟರಿಂದಲೇ ಊದಿದರೆ ಕೆಲವೇ ಸ್ವರಗಳು ಹುಟ್ಟುತ್ತವೆ. ನಡುನಡುವೆ ಮೆಟ್ಟಿಲುಗಳೇ ಇಲ್ಲದ ಏಣಿಯಂತೆ. ಶತಮಾನಗಳ ಕಾಲ ತುತ್ತೂರಿಯು ಹೀಗೆಯೇ ಇತ್ತು. 1818ರಲ್ಲಿ ಪ್ರಷ್ಯಾದ ಸ್ಟೋಲ್ಜೆಲ್ ಮತ್ತು ಬ್ಲೂಮೆಲ್ ಎಂಬ ಇಬ್ಬರು ಕವಾಟದ ಏರ್ಪಾಟಿಗೆ ಪೇಟೆಂಟ್ ಪಡೆದರು. 1830ರ ದಶಕದ ಕೊನೆಯಲ್ಲಿ ಪ್ಯಾರಿಸ್ಸಿನ ಪೆರಿನೆ ಎಂಬಾತನು ಇಂದು ಕಾಣುವ ಬಗೆಯ ಪಿಸ್ಟನ್ನನ್ನು ರೂಪಿಸಿದನು. ಪಿಸ್ಟನ್ ಒತ್ತಿದಾಗ ಉಸಿರು ಒಂದು ತುಂಡು ಕೊಳವೆಯನ್ನು ಹೆಚ್ಚಾಗಿ ಸುತ್ತಿಬರುತ್ತದೆ, ಸ್ವರ ಇಳಿಯುತ್ತದೆ. ನಡುವಿನದು ಅರ್ಧ ಸ್ವರ, ಮೊದಲನೆಯದು ಒಂದು ಸ್ವರ, ಮೂರನೆಯದು ಒಂದೂವರೆ ಸ್ವರ ಇಳಿಸುತ್ತದೆ. ಉಳಿದುದೆಲ್ಲ ತುಟಿಯ ಬಿಗಿತ ಮತ್ತು ಎದೆಯ ಉಸಿರು. ಪಿಸ್ಟನ್ನಿಗೂ ಅದರ ಗೂಡಿಗೂ ನಡುವೆ ಕೂದಲೆಳೆಗಿಂತ ಸಣ್ಣ ಎಡೆ ಇರುತ್ತದೆ. ಆ ಎಡೆ ಸವೆದು ಹೆಚ್ಚಿದರೆ ಉಸಿರು ಸೋರುತ್ತದೆ. ಊದುವವನ ಎದೆ ಒಡೆದರೂ ಸ್ವರ ನಿಲ್ಲುವುದಿಲ್ಲ.

ಮಾಸ್ತರರು ಚೀಟಿ ತೆಗೆದು ಹೊಳೆಯುವ ವಾದ್ಯದ ಪರೀಕ್ಷೆಗೆ ತೊಡಗಿದರು. ಎರಡನೆಯ ಸ್ಲೈಡನ್ನು ಎಳೆದರು. ಟಪ್ಪೆನ್ನಲಿಲ್ಲ, ನಿಟ್ಟುಸಿರಿನಂತೆ ಸುಮ್ಮನೆ ಹೊರಬಂತು. ತಾವು ಎಳೆದ ರೀತಿಯೇ ತಪ್ಪಿರಬೇಕೆಂದು ಮತ್ತೊಮ್ಮೆ ಎಳೆದರು. ಕೆತ್ತಿದ ಅಕ್ಷರಗಳ ಮೇಲೆ ಬೆರಳಾಡಿಸಿದರು. ಅಲ್ಲಿ ಅಕ್ಷರಗಳಿದ್ದುವೆಂಬುದು ಕಣ್ಣಿಗೆ ಕಾಣುತ್ತಿತ್ತು, ಬೆರಳಿಗೆ ತಿಳಿಯುತ್ತಿರಲಿಲ್ಲ.

"ಅದನ್ನು ಬಿಡಿ ಮಾಸ್ಟ್ರೇ."

ಹಿಂದಿನ ಕೋಣೆಯ ಬಾಗಿಲಲ್ಲಿ ದುರಸ್ತಿಯ ಪೊರ್ಬುಗಳು ನಿಂತಿದ್ದರು. ಅರುವತ್ತು ದಾಟಿದ ವಯಸ್ಸು, ಪಾಲಿಶಿನ ಪುಡಿಯಿಂದ ಕಪ್ಪಾದ ಕೈ. ಅವರು ಧ್ವನಿ ತಗ್ಗಿಸಿ ಹೇಳಿದರು: "ಅದಕ್ಕೆ ಪಾಲಿಶ್ ಮಾಡಿದವನು ನಾನೇ. ಅದರ ಮೈಯೆಲ್ಲ ನೆಗ್ಗು ಇತ್ತು, ಕಲೆ ಇತ್ತು. ಚಕ್ರಕ್ಕೆ ಹಿಡಿದು ಹಿಡಿದು ಹೊಳಪು ತಂದೆ. ಹೊಳಪು ಎಲ್ಲಿಂದ ಬರುತ್ತದೆ? ಹಿತ್ತಾಳೆಯನ್ನೇ ತಿಂದು ಬರುತ್ತದೆ. ಈಗ ಅದು ಕಾಗದದಷ್ಟು ತೆಳು. ಒಳಗಿನ ಕೊಳವೆ ನೋಡಿ."

ದೊಡ್ಡ ಸ್ಲೈಡನ್ನು ಕಳಚಿ ಬೆಳಕಿಗೆ ಹಿಡಿದಾಗ ಒಳಗೆ ಗುಲಾಬಿ ಬಣ್ಣದ ಚುಕ್ಕೆಗಳು ಕಂಡುವು. ಹಿತ್ತಾಳೆಯೆಂದರೆ ತಾಮ್ರ ಮತ್ತು ಸತುವಿನ ಸಂಸಾರ. ಊದುವವನ ಬಾಯಿಯ ತೇವವು ಒಳಗೆ ನಿಂತರೆ ಸತು ಮೆಲ್ಲನೆ ಮನೆ ಬಿಟ್ಟು ಹೋಗುತ್ತದೆ. ಕೆಂಪಗಾದ ತಾಮ್ರವು ಟೊಳ್ಳಾಗಿ ಉಳಿಯುತ್ತದೆ. ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿನಷ್ಟು ಮಳೆ ಸುರಿಯುವ, ಕಡಲಿನ ಉಪ್ಪುಗಾಳಿ ಬಾಗಿಲು ತಟ್ಟುವ ಊರಿನಲ್ಲಿ ಯಾವ ಲೋಹಕ್ಕೂ ನೆಮ್ಮದಿಯಿಲ್ಲ. ಒಳಗಿನಿಂದ ಹುಟ್ಟಿದ ಈ ರೋಗವು ಹೊರಗೆ ಕಾಣಿಸಿಕೊಳ್ಳುವಾಗ ಕೊಳವೆಯಲ್ಲಿ ತೂತು ಬಿದ್ದಿರುತ್ತದೆ.

"ಹಾಗಾದರೆ ಇದು?" ಎಂದು ಮಾಸ್ತರರು ಮಾಸಿದ ವಾದ್ಯವನ್ನು ತೋರಿದರು.

"ಇದು ಮೀರತ್ತಿನದು. ಬ್ಯಾಂಡಿನವರ ಕೈಯಲ್ಲಿ ದುಡಿದದ್ದು. ತೇಪೆ ನಾನು ಹಾಕಿದ್ದು, ಬೆಸುಗೆ ಗಟ್ಟಿ ಉಂಟು. ಸ್ಪ್ರಿಂಗು ಹೊಸತು. ಮೌತ್‌ಪೀಸ್ ಇದರ ಜೊತೆಗೆ ಹುಟ್ಟಿದ್ದಲ್ಲ, ಬೇರೆಯದು. ಮೂರನೆಯ ಪಿಸ್ಟನ್ ಬೆಳಿಗ್ಗೆ ಸ್ವಲ್ಪ ಮೊಂಡಾಟ ಮಾಡುತ್ತದೆ, ಎಣ್ಣೆ ಹಾಕಬೇಕು. ಇಷ್ಟೇ ಇದರ ದೋಷ. ಮತ್ತೆ ಬಂದು ಹೇಳಲಿಲ್ಲ ಎನ್ನಬೇಡಿ."

ಮೀರತ್ತು ಭಾರತದ ಬ್ಯಾಂಡುಗಳ ತವರು. ಅಲ್ಲಿಯ ಜಲೀ ಕೋಠಿ ಎಂಬ ಕೇರಿಯಲ್ಲಿ ಇಂದಿಗೂ ಹಿತ್ತಾಳೆಯ ವಾದ್ಯಗಳು ತಯಾರಾಗುತ್ತವೆ; 1885ರಲ್ಲಿ ಆರಂಭವಾದ ನಾದಿರ್ ಅಲಿ ಕಂಪೆನಿಯು ಆ ಊರಿನದೇ. ದೇಶದ ಉದ್ದಗಲಕ್ಕೂ ಎಷ್ಟೋ ಮದುವಣಿಗರು ಕುದುರೆಯೇರಿದ್ದು ಆ ಕೇರಿಯ ಹಿತ್ತಾಳೆ ಮೊಳಗಿದ ಮೇಲೆ.

ಮಾಸ್ತರರು ಎರಡನೆಯ ಸ್ಲೈಡನ್ನು ಎಳೆದರು. ಟಪ್! ಸೋಡಾ ಬಾಟಲಿಯ ಗೋಲಿಯಂತೆ. ಅಕ್ಷರದ ಅಂಚುಗಳು ಬೆರಳನ್ನು ಚುಚ್ಚಿದುವು. ಒಳಗಿನ ಕೊಳವೆ ಹಳದಿಯಾಗಿಯೇ ಇತ್ತು.

ಅಷ್ಟರಲ್ಲಿ ಧಣಿಗಳು ಕೈಯೊರಸಿಕೊಳ್ಳುತ್ತ ಬಂದರು. "ಇದು ಸಾಕು" ಎಂದು ಮಾಸ್ತರರು ಮಾಸಿದ ವಾದ್ಯವನ್ನು ಮುಂದಿಟ್ಟರು. ಧಣಿಗಳು ಒಮ್ಮೆ ಹಿಂದಿನ ಕೋಣೆಯ ಬಾಗಿಲನ್ನು ನೋಡಿದರು. ಪೊರ್ಬುಗಳು ಆಗಲೇ ಒಳಗೆ ಹೋಗಿ ಚಕ್ರ ತಿರುಗಿಸತೊಡಗಿದ್ದರು. ಕ್ರಯದಲ್ಲಿ ಒಂದು ರೂಪಾಯಿಯನ್ನೂ ಇಳಿಸಲು ಮಾಸ್ತರರಿಗೆ ಬಾಯಿ ಬರಲಿಲ್ಲ. ಚೌಕಾಸಿ ಮಾಡಿದರೆ ಅದರ ಭಾರ ಯಾರ ಕೂಲಿಯ ಮೇಲೆ ಬೀಳಬಹುದೆಂದು ಅವರು ಊಹಿಸಬಲ್ಲವರಾಗಿದ್ದರು.

ಬಸ್ಸಿನಲ್ಲಿ ಹುಡುಗ ಮಾತನಾಡಲಿಲ್ಲ. ಮನೆಗೆ ಬಂದ ಮೇಲೂ ಮಾತನಾಡಲಿಲ್ಲ. ಹದಿಮೂರರ ವಯಸ್ಸಿಗೆ ಮಾಸಿದ ತುತ್ತೂರಿಯೆಂದರೆ ಬೇರೊಬ್ಬರ ಹಳೆಯ ಅಂಗಿಯನ್ನು ತೊಟ್ಟಂತೆ.

ಅಜ್ಜ ದಿಂಬಿಗೊರಗಿ ಕುಳಿತು ವಾದ್ಯವನ್ನು ಮಡಿಲಲ್ಲಿಟ್ಟುಕೊಂಡರು. ಮೂರು ಬೆರಳುಗಳು ತಾವಾಗಿ ಮೂರು ಪಿಸ್ಟನ್ನುಗಳ ಮೇಲೆ ಕುಳಿತುವು. ಊದಲಿಲ್ಲ, ಒತ್ತುತ್ತ ಬಿಡುತ್ತ ಬಹಳ ಹೊತ್ತು ಕಿವಿಗೊಟ್ಟರು. ಆಮೇಲೆ, "ಎಷ್ಟಾಯಿತು?" ಎಂದರು.

ಆರು ಸಾವಿರವೆಂದು ಹೇಳಬೇಕೆಂದು ಮಾಸ್ತರರು ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡು ಬಂದಿದ್ದರು. "ಒಂಬತ್ತು" ಎಂದುಬಿಟ್ಟರು. ಪೊರ್ಬುಗಳು ಹೇಳಿದುದನ್ನೂ ಹೇಳಿದರು.

ಅಜ್ಜ ನಕ್ಕರು, ನಗು ಕೆಮ್ಮಾಯಿತು. ಕೆಮ್ಮು ನಿಂತ ಮೇಲೆ ಮೂವತ್ತು ವರ್ಷ ಯಾರೂ ಆಡದ ಮಾತು ಹೊರಬಂತು.

"ನನ್ನದನ್ನು ಕೊಳ್ಳಲು ಬಂದವನು ಎರಡು ಸಾವಿರ ಎಣಿಸಿ ಇಟ್ಟಿದ್ದ. ಅವನಿಗೆ ನೋಡಲು ಬರುತ್ತಿರಲಿಲ್ಲ. ಮೊದಲನೆಯ ಪಿಸ್ಟನ್ ಸೋರುತ್ತದೆ ಎಂದು ನಾನೇ ಹೇಳಿದೆ. ಆರುನೂರು ಹಿಂದೆ ತೆಗೆದುಕೊಂಡ. ನಿನ್ನ ಫೀಸಿಗೆ ಕಡಿಮೆ ಬಿತ್ತು. ನಿನ್ನ ಅಮ್ಮನ ಬೆಂಡೋಲೆ ಅದಕ್ಕೇ ಹೋದದ್ದು. ಒಂದು ವಾರ ಅವಳು ನನ್ನ ಹತ್ತಿರ ಮಾತಾಡಲಿಲ್ಲ."

ಬೆಂಡೋಲೆ ಹೋದುದು ಮಾಸ್ತರರಿಗೆ ಗೊತ್ತಿತ್ತು. ಏಕೆ ಹೋಯಿತೆಂಬುದು ಗೊತ್ತಿರಲಿಲ್ಲ. ಬರಿಯ ಕಿವಿಯಲ್ಲಿ ಕಡ್ಡಿ ಸಿಕ್ಕಿಸಿಕೊಂಡು ಓಡಾಡುತ್ತಿದ್ದ ತಾಯಿ, ತೀರಿಕೊಳ್ಳುವ ತನಕ ಆ ಕಾರಣವನ್ನು ಬಾಯಿಬಿಟ್ಟಿರಲಿಲ್ಲ.

"ಹೇಳದೆ ಇರಬಹುದಿತ್ತಲ್ಲ, ಅಪ್ಪಾ?"

"ಅವನೂ ಬ್ಯಾಂಡಿನವನೇ. ಮರುದಿನ ದಿಬ್ಬಣದಲ್ಲಿ ನನ್ನ ಪಕ್ಕದಲ್ಲಿ ನಿಂತು ಅದನ್ನೇ ಊದಬೇಕಿತ್ತು" ಎಂದರು ಅಜ್ಜ. ಅದಕ್ಕಿಂತ ಹೆಚ್ಚಿನ ಧರ್ಮಶಾಸ್ತ್ರ ಅವರಿಗೆ ತಿಳಿದಂತೆ ಕಾಣಲಿಲ್ಲ.

ಬಾಗಿಲಿನ ಮರೆಯಲ್ಲಿ ನಿಂತಿದ್ದ ಹುಡುಗ ಯಾವಾಗಲೋ ಒಳಗೆ ಬಂದಿದ್ದ. ಅಜ್ಜ ಅವನನ್ನು ಎದುರಿಗೆ ಕುಳ್ಳಿರಿಸಿಕೊಂಡು, ಮೊದಲು ವಾದ್ಯವನ್ನು ಕೊಡದೆ, ತುಟಿಗಳನ್ನು ಸೇರಿಸಿ ಜೀರುಂಡೆಯಂತೆ ಗುಂಯ್ಗುಡಿಸಲು ಹೇಳಿದರು. ಹುಡುಗ ಕಾಲು ಗಂಟೆ ಉಗುಳು ಹಾರಿಸಿದ. ಆಮೇಲೆ ಮೌತ್‌ಪೀಸ್ ಒಂದನ್ನೇ ಊದಿದ. ಕೊನೆಗೆ ಟ್ರಂಪೆಟನ್ನು ಎತ್ತಿ, ಕಣ್ಣು ಮುಚ್ಚಿ, ಉಸಿರು ತುಂಬಿ ಊದಿದ. ಕೋಣ ಕೂಗಿದಂತಹ ಒಂದು ಸದ್ದು ಹೊರಟಿತು. ತೆಂಗಿನ ಮರದ ಕಾಗೆಗಳು ಎದ್ದುವು, ನೆರೆಮನೆಯ ಕಿಟಕಿಯೊಂದು ಮುಚ್ಚಿಕೊಂಡಿತು. ಎರಡನೆಯ ಸಲವೂ ಕೋಣವೇ. ಮೂರನೆಯ ಸಲ, ಎಲ್ಲಿಂದಲೋ, ಒಂದು ಸ್ವರ ಬಂದು ಕೋಣೆಯ ನಡುವೆ ನಿಂತಿತು. ಅಲುಗಾಡುತ್ತಿತ್ತು, ಆದರೆ ಸೋರುತ್ತಿರಲಿಲ್ಲ.

ಹುಡುಗ ಕಣ್ಣು ತೆರೆದು ಅಜ್ಜನನ್ನು ನೋಡಿದ. ಮಾಸ್ತರರೂ ನೋಡಿದರು, ಏನಾದರೂ ಹೇಳುವರೆಂದು.

"ಮೂರನೆಯದಕ್ಕೆ ಎಣ್ಣೆ ಹಾಕು" ಎಂದರು ಅಜ್ಜ. "ದಿನಾ ಬೆಳಿಗ್ಗೆ. ಮರೆಯಬೇಡ."